ಡ್ರೈವರ್ ಸಾಬರ ಎಡಗಾಲು

ತಪ್ಪೆಲ್ಲ ಎಡಗಾಲಿನದು. ಶಹಾಬುದ್ದೀನ್ ಸಾಬರ ಬಲಗಾಲಿನ ಮೇಲೆ ಪಾಂಡವಪುರದಲ್ಲಿ ಯಾರೂ ಒಂದು ಮಾತು ಆಡುವಂತಿರಲಿಲ್ಲ.

ಸಾಬರು ನಾಗಮಂಗಲ ಮಾರ್ಗದ ಖಾಸಗಿ ಬಸ್ಸು ಓಡಿಸುತ್ತಲೇ ತಲೆ ನರೆಸಿಕೊಂಡವರು. ಅವರು ಬ್ರೇಕು ಹಾಕಿದರೆ ಹಿಂದಿನ ಸೀಟಿನಲ್ಲಿ ಮಲಗಿದ ಮಗು ಮಗ್ಗುಲು ಬದಲಿಸುತ್ತಿರಲಿಲ್ಲ. ಮೇಲುಕೋಟೆಯ ಏರಿನಲ್ಲಿ ಅವರು ಗೇರು ಬದಲಿಸಿದ್ದು ಗೊತ್ತಾಗಬೇಕಾದರೆ ಕಿವಿಗೊಟ್ಟು ಕೂರಬೇಕಾಗಿತ್ತು. ಅಂಥವರು ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೆ, ಮೈಸೂರಿನಲ್ಲಿ ನರ್ಸಾಗಿದ್ದ ಮಗಳು ಜಾಸ್ಮಿನ್ ಮನೆಗೆಂದು ಒಂದು ಹಳೆಯ ಕಾರು ತಂದು ನಿಲ್ಲಿಸಿದಳು. ಬೂದು ಬಣ್ಣದ ಪುಟ್ಟ ಕಾರು. ಆಟೋಮ್ಯಾಟಿಕ್. ಗೇರು ತನಗೆ ತಾನೇ ಬೀಳುತ್ತಿತ್ತು, ಕ್ಲಚ್ ಎಂಬುದೇ ಇರಲಿಲ್ಲ. ಇದ್ದದ್ದು ಎರಡೇ ಪೆಡಲು, ಎರಡೂ ಬಲಗಾಲಿಗೆ. ಎಡಗಾಲು ಸುಮ್ಮನೆ ಕೂರಬೇಕು.

ಕೂರಬೇಕೆಂದು ಎಡಗಾಲಿಗೆ ಹೇಳುವವರು ಯಾರು?

ಆ ದಿನ ಬೆಳಿಗ್ಗೆ ಪಕ್ಕದ ಮನೆಯ ಶಿವಲಿಂಗಯ್ಯನವರು ಮಡಿಲಲ್ಲಿ ಒಂದು ದೊಡ್ಡ ಪಾತ್ರೆ ಮೊಸರಿಟ್ಟುಕೊಂಡು ಸಾಬರ ಕಾರಿನ ಮುಂದಿನ ಸೀಟಿನಲ್ಲಿ ಕೂತಿದ್ದರು. ನೆಂಟರ ಮನೆಯ ಗೃಹಪ್ರವೇಶಕ್ಕೆ ಕೊಂಡೊಯ್ಯುವ ಮೊಸರು. ಅವರು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತರಾದವರು, ಕಾರಿನಲ್ಲಿಯೂ ಎದೆ ಸೆಟೆಸಿಯೇ ಕೂರುತ್ತಿದ್ದರು. ಬಸ್ ನಿಲ್ದಾಣದ ತಿರುವಿನಲ್ಲಿ ಒಂದು ಮೇಕೆ ಅಡ್ಡ ಬಂತು. ವೇಗ ತಗ್ಗಿಸಿ ಗೇರು ಇಳಿಸೋಣವೆಂದು ಸಾಬರ ಎಡಗಾಲು ಅಭ್ಯಾಸಬಲದಿಂದ ಕ್ಲಚ್ಚನ್ನು ಪೂರ್ತಿ ತುಳಿಯಿತು. ಅಲ್ಲಿದ್ದದ್ದು ಬ್ರೇಕು.

ಸೀಟ್ ಬೆಲ್ಟು ಮೇಷ್ಟ್ರನ್ನು ಹಿಡಿದುಕೊಂಡಿತು. ಮೊಸರಿಗೆ ಬೆಲ್ಟು ಇರಲಿಲ್ಲ.

ಬಾಗಿಲು ತೆಗೆದು ಕೆಳಗಿಳಿದ ಶಿವಲಿಂಗಯ್ಯನವರು ಹೊಸದಾಗಿ ಸುಣ್ಣ ಬಳಿದ ಗೋಡೆಯಂತೆ ಕಾಣುತ್ತಿದ್ದರು. ನಿಲ್ದಾಣದಲ್ಲಿ ನಿಂತಿದ್ದ ಬಸ್ಸುಗಳ ಕಿಟಕಿಗಳಲ್ಲೆಲ್ಲ ತಲೆಗಳು ಮೂಡಿದವು. ಸಾಬರ ಹಳೆಯ ಬಸ್ಸನ್ನೇ ಈಗ ಓಡಿಸುತ್ತಿದ್ದ ಡ್ರೈವರು ಕೆಳಗೆ ಬಗ್ಗಿ, "ಏನ್ ಸಾಬ್ರೇ, ಒಸದಾಗಿ ಕಲೀತಾ ಇದ್ದೀರಾ?" ಎಂದು ಕೇಳಿದ. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೆ ಸಾಬರ ಮುಖ ಕಂದಿತು. ಅವರು ಮನೆಗೆ ಹೋಗುವ ಬದಲು ಕಾರನ್ನು ನೇರವಾಗಿ ವೆಂಕಟೇಶನ ವೆಲ್ಡಿಂಗ್ ಅಂಗಡಿಯ ಮುಂದೆ ನಿಲ್ಲಿಸಿದರು.

"ನನ್ ಕಾಲು ಅಲ್ಲಿ ಏನೋ ಉಡುಕ್ತದೆ ವೆಂಕಟೇಶ. ಸಿಗಾಕಿಲ್ಲ. ಸಿಗ್ದೆ ಓದ್ರೆ ಸಿಟ್ಟು ಬತ್ತದೆ ಅದಕ್ಕೆ," ಎಂದರು.

ವೆಂಕಟೇಶ ಕಮ್ಮಾರರ ಮನೆತನದವನು. ಬಿಚ್ಚಲಾಗದ ವಸ್ತುವೆಂಬುದು ಪ್ರಪಂಚದಲ್ಲಿಲ್ಲ ಎಂದು ನಂಬಿದ್ದವನು. ಬಾನೆಟ್ ಎತ್ತಿ ಟಾರ್ಚು ಬಿಟ್ಟು ನೋಡಿದ.

"ಇದು ಮಾಮೂಲಿ ಗೇರ್‌ಬಾಕ್ಸೇ ಕಣ್ ಸಾಬ್ರೇ. ಕ್ಲಚ್ಚೂ ಒಳಗೇ ಅದೆ. ನೀವು ಕೈಲಿ ಕಾಲಲ್ಲಿ ಮಾಡೋ ಕೆಲ್ಸ ಮಾಡಕ್ಕೆ ಮ್ಯಾಲೊಂದು ಮಿಷಿನ್ ಕೂರ್ಸವ್ರೆ, ಅಷ್ಟೆಯ. ಅದನ್ನ ಕಿತ್ತಾಕ್ಬುಟ್ಟು ಪೆಡ್ಲು, ಕೇಬಲ್ಲು, ಗೇರ್ ರಾಡು ಕೂರ್ಸುದ್ರೆ ಮುಗೀತು."

"ಇವತ್ತೇ ಆಯ್ತದಾ?"

"ಸಾಮಾನ್ ತಂದ್ಕೊಡಿ, ಸಂಜೀಕೆ ಓಡಿಸ್ಕೊಂಡೋಗಿ."

ಶ್ರೀರಂಗಪಟ್ಟಣದ ಗುಜರಿ ಅಂಗಡಿಯಲ್ಲಿ ಅದೇ ಜಾತಿಯ ಕಾರೊಂದು ಮೂತಿ ಜಜ್ಜಿಕೊಂಡು ಬಿದ್ದಿತ್ತು. ಅದು ಕ್ಲಚ್ ಇದ್ದ ಕಾರು. ಇಬ್ಬರೂ ವೆಂಕಟೇಶನ ಲಗೇಜ್ ಆಟೋದಲ್ಲಿ ಹೋಗಿ ಬೇಕಾದದ್ದನ್ನೆಲ್ಲ ಬಿಚ್ಚಿಸಿಕೊಂಡು ಬಂದರು. ಅದರ ಕಂಪ್ಯೂಟರ್ ಡಬ್ಬಿಯನ್ನೂ, ಆ ಡಬ್ಬಿ ಒಪ್ಪುವ ಕೀಯನ್ನೂ ತಂದರು. ಸಾಬರ ಕಾರಿನಿಂದ ಬಿಚ್ಚುವ ಮಿಷಿನ್ನನ್ನು ಬದಲಿಗೆ ಕೊಡಬೇಕೆಂದು ಮಾತಾಯಿತು. ಗುಜರಿಯವನು ತನ್ನ ಆಳನ್ನೂ ಆಟೋದಲ್ಲೇ ಕಳಿಸಿಕೊಟ್ಟ.

ಅಂಗಡಿಯ ಮುಂದೆ ನೆರಳಿಲ್ಲದ್ದರಿಂದ ಕಾರನ್ನು ಮನೆಗೆ ತಂದರು; ಕೆಲಸ ನಡೆದದ್ದು ಸಾಬರ ಮನೆ ಮುಂದಿನ ಹೊಂಗೆ ಮರದಡಿ. ಹೆಂಡತಿ ಬಿಸ್ಮಿಲ್ಲಾ ಬೀ ವಾರ ವಾರ ಹೋಗುವಂತೆ ಬೆಳಿಗ್ಗೆಯೇ ಮಗಳ ಮನೆಗೆ ಮೈಸೂರಿಗೆ ಹೋಗಿದ್ದರಿಂದ ಬೇಡ ಎನ್ನುವವರು ಮನೆಯಲ್ಲಿ ಇರಲಿಲ್ಲ. ಹೊರಗೆ ಮಾತ್ರ ಮಂಗಳಮ್ಮ ಇದ್ದರು. ಅವರು ಶಿವಲಿಂಗಯ್ಯನವರ ಹೆಂಡತಿ. ಕಾಂಪೌಂಡಿನ ಮೇಲೆ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತ ನಿಂತರು.

"ಚೆಂದಾಗಿರೋ ಕಾರ್ನ ಯಾಕ್ ಬಿಚ್ತಾವ್ರೆ? ಬೀಬಮ್ಮಂಗೆ ಒಂದ್ ಮಾತ್ ಕೇಳುದ್ರಾ?"

"ಗಾಡಿ ಇಚಾರ ಅವಳಿಗೇನ್ ತಿಳೀತದಮ್ಮ," ಎಂದರು ಸಾಬರು.

ಮಧ್ಯಾಹ್ನದ ಹೊತ್ತಿಗೆ ಶಿವಲಿಂಗಯ್ಯನವರು ಎರಡನೆಯ ಸಲ ಸ್ನಾನ ಮಾಡಿ, ಮೊಸರಿನ ವಿಚಾರವಾಗಿ ನಾಲ್ಕು ಮಾತು ಕೇಳಿಯೇಬಿಡಬೇಕೆಂದು ಬಂದರು. ಬಂದು ನೋಡಿದರೆ ಕಾರು ಕರುಳು ಹೊರಗೆ ಹಾಕಿಕೊಂಡು ಮಲಗಿತ್ತು. ಅವರು ಸಿಟ್ಟು ಮರೆತು ಕುರ್ಚಿ ತರಿಸಿಕೊಂಡು ಕೂತರು. ಮೊಬೈಲಿನಲ್ಲಿ ಹುಡುಕಿ, ಇಂಥದೇ ಕೆಲಸ ಮಾಡುತ್ತಿದ್ದ ಗಡ್ಡದ ವಿದೇಶಿಯೊಬ್ಬನ ವಿಡಿಯೋ ತೆಗೆದರು. ಅವನ ಭಾಷೆ ಯಾವುದೆಂದು ತಿಳಿಯಲಿಲ್ಲ. ಆದರೆ ಕೈಸನ್ನೆ ಸ್ಪಷ್ಟವಾಗಿತ್ತು.

"ಲೇ ವೆಂಕಟೇಶ, ಪೆಡಲಿನ ಕೇಬಲ್ ತೂರ್ಸಕ್ಕೆ ತೂತು ಮಾಡ್ಬೇಕು ಕಣ್ಲಾ. ಎಡಗಡೆ! ನೋಡು, ಅವನೂ ಎಡಗಡೆಗೇ ಕೊರೀತಾವ್ನೆ."

"ಎಡಗಡೇನಾ ಮೇಷ್ಟ್ರೇ?"

"ಎಡ! ಎಡ! ಸರ್ವೀಸೆಲ್ಲಾ ಎಡ ಬಲ ಹೇಳ್ಕೊಂಡೇ ಬಂದಿವ್ನಿ, ನಂಗೇ ಕೇಳ್ತೀಯಾ?"

ವೆಂಕಟೇಶ ಡ್ರಿಲ್ಲಿಂಗ್ ಮಿಷಿನ್ ಹಿಡಿದು ಕೊರೆದ. ತೂತು ಅಚ್ಚುಕಟ್ಟಾಗಿ ಬಂತು. ಸಾಬರು ಸ್ಟೀರಿಂಗ್ ಹಿಡಿದು ಕೂತು ಕಾಲು ಚಾಚಿದಾಗಲೇ ಗೊತ್ತಾದದ್ದು: ವಿಡಿಯೋದವನ ದೇಶದಲ್ಲಿ ಸ್ಟೀರಿಂಗೇ ಎಡಗಡೆ. ತೂತು ಬಿದ್ದದ್ದು ಪಕ್ಕದ ಸೀಟಿನವನ ಕಾಲಿನ ಮುಂದೆ.

ಮಂಗಳಮ್ಮನ ಕೈಯಲ್ಲಿ ಅವರೆಕಾಯಿ ಸಿಡಿದದ್ದು ಕೇಳಿಸಿತು. ವೆಂಕಟೇಶ ತಲೆ ಒಳಗೆ ಹಾಕಿ ಬಲಗಡೆ ತಡಕಿದ. ಅಲ್ಲಿ ಕಂಪನಿಯವರೇ ಮೊದಲಿಂದಲೂ ಬಿಟ್ಟಿದ್ದ ತೂತೊಂದು ರಬ್ಬರ್ ಬಿರಡೆ ಹಾಕಿಕೊಂಡು ತಣ್ಣಗೆ ಕೂತಿತ್ತು.

"ಗಾಳಿ ಬರ್ಲಿ ಬುಡಿ," ಎಂದರು ಮೇಷ್ಟ್ರು, ಹೊಸ ತೂತನ್ನು ನೋಡುತ್ತ.

ಆಮೇಲೆ ಕೆಲಸ ಚುರುಕಾಯಿತು. ಮಿಷಿನ್ ಕೆಳಗಿಳಿಯಿತು, ಗುಜರಿಯ ಆಳು ಅದನ್ನು ಗೋಣಿಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿ ಹೋದ. ಪೆಡಲು ಕೂತಿತು, ಕೇಬಲ್ಲು ಬಿಗಿಯಾಯಿತು, ಕಂಪ್ಯೂಟರ್ ಡಬ್ಬಿ ಬದಲಾಯಿತು. ವೆಂಕಟೇಶ ಹಿಗ್ಗಿನಿಂದ ಹೊರಗೆ ನಿಂತೇ ಕಿಟಕಿಯೊಳಗೆ ಕೈ ಹಾಕಿ ಕೀ ತಿರುಗಿಸಿದ. ಕಾರು ಗೇರಿನಲ್ಲಿದೆಯೆಂಬುದನ್ನು ಯಾರೂ ನೋಡಿರಲಿಲ್ಲ. ಅದು ಕಟ್ಟು ಬಿಚ್ಚಿದ ಹೋರಿಯಂತೆ ನೆಗೆದು ಮೇಷ್ಟ್ರ ಕುರ್ಚಿಯನ್ನು ತಳ್ಳಿಕೊಂಡು ಹೋಗಿ ಬೀದಿಯಂಚಿನಲ್ಲಿದ್ದ ಮಂಗಳಮ್ಮನ ನೀರಿನ ಡ್ರಮ್ಮಿಗೆ ಗುದ್ದಿ ನಿಂತಿತು. ಮೇಷ್ಟ್ರು ಹೇಗೋ ಪಕ್ಕಕ್ಕೆ ಹಾರಿ ಪಾರಾದರು. ಆದರೆ ಡ್ರಮ್ಮು ಉರುಳಿದ್ದು ಅವರ ಕಡೆಗೇ.

"ಇವತ್ತು ನಿಮ್ಗೆ ಸ್ನಾನದ ಯೋಗ ಜೋರಾಗದೆ," ಎಂದರು ಮಂಗಳಮ್ಮ. ನಗಲಿಲ್ಲ.

ಕೊನೆಗೆ ಬಿಸಿಲು ಇಳಿಯುವ ಹೊತ್ತಿಗೆ ಸಾಬರು ಕಾರಿನಲ್ಲಿ ಕೂತರು. ಎಡಗಾಲು ಮುಂದೆ ಹೋಯಿತು. ಅಲ್ಲಿ ಪೆಡಲಿತ್ತು. ಅವರು ಒಂದು ಕ್ಷಣ ಕಣ್ಣು ಮುಚ್ಚಿದರು. ಕ್ಲಚ್ ತುಳಿದು ಮೊದಲ ಗೇರು ಹಾಕಿ ನಾಲೆಯ ಏರಿಯ ಮೇಲೆ ಹೊರಟರು. ಎರಡು, ಮೂರು, ನಾಲ್ಕು. ಎಲ್ಲೂ ಸದ್ದಿಲ್ಲ, ಜರ್ಕಿಲ್ಲ. ಬಸ್ ನಿಲ್ದಾಣದ ತಿರುವಿಗೆ ಬೇಕೆಂದೇ ಹೋಗಿ, ಎರಡಕ್ಕೆ ಇಳಿಸಿ, ಯಾರ ಕಡೆಗೂ ನೋಡದೆ ತಿರುಗಿಸಿಕೊಂಡು ಬಂದರು. ಕೆಲಸ ಬಿಟ್ಟ ಮೇಲೆ ಮೊದಲ ಸಲ ಅವರಿಗೆ ತಾನು ತಾನೇ ಎನ್ನಿಸಿತು.

ಮನೆ ಮುಂದೆ ಇಳಿದು ಟವೆಲಿನಿಂದ ಸ್ಟೀರಿಂಗ್ ಒರೆಸುತ್ತಿದ್ದಾಗ ಆಟೋ ಬಂದು ನಿಂತಿತು. ಬಿಸ್ಮಿಲ್ಲಾ ಬೀ ಮತ್ತು ಜಾಸ್ಮಿನ್ ಇಳಿದರು. ಕೈಯಲ್ಲಿ ಸಿಹಿಯ ಡಬ್ಬವಿತ್ತು. ಬಿಸ್ಮಿಲ್ಲಾ ಬೀ ಯಾರನ್ನೂ ಮಾತಾಡಿಸದೆ, ಬುರ್ಖಾದ ಅಂಚು ಎತ್ತಿ ಹಿಡಿದು ಸೀದಾ ಬಂದು ಕಾರಿನ ಡ್ರೈವರ್ ಸೀಟಿನಲ್ಲಿ ಕೂತರು. ಪರ್ಸಿನಿಂದ ಕಾರಿನ ಇನ್ನೊಂದು ಕೀ ತೆಗೆದು ತಿರುಗಿಸಿದರು. ಏನೂ ಆಗಲಿಲ್ಲ; ಹೊಸ ಡಬ್ಬಿ ಆ ಕೀಯನ್ನು ಒಪ್ಪಲಿಲ್ಲ. ಮತ್ತೆ ತಿರುಗಿಸಿದರು. ಆಮೇಲೆ ಬಗ್ಗಿ ಕಾಲ ಬುಡ ನೋಡಿದರು.

"ಜಾಸ್ಮಿನ್, ಇಲ್ಲಿ ಮೂರು ಅವೆ."

"ನೀನ್ಯಾಕೆ ಅಲ್ಲಿ ಕೂತೆ?" ಎಂದರು ಸಾಬರು.

"ಅಮ್ಮೀ ಇವತ್ತು ಟೆಸ್ಟ್ ಪಾಸಾದ್ರು ಅಬ್ಬಾ!" ಎಂದಳು ಜಾಸ್ಮಿನ್. "ವಾರ ವಾರ ಮೈಸೂರಿಗೆ ಬತ್ತಿದ್ದದ್ದು ಯಾಕೆ ಅನ್ಕೊಂಡ್ರಿ? ಡ್ರೈವಿಂಗ್ ಸ್ಕೂಲಿಗೆ. ಅಮ್ಮೀಗೆ ಕ್ಲಚ್ ಬ್ಯಾಡ ಅಂತ ಉಡುಕಿ ಉಡುಕಿ ಆಟೋಮ್ಯಾಟಿಕ್ ಕಾರ್ ತಂದೆ. ಏನ್ ಮಾಡುದ್ರಿ ಇದಕ್ಕೆ?"

ಸಾಬರಿಗೆ ಆಗ ಹೊಳೆಯಿತು. ಕಾರು ತನ್ನದಲ್ಲ. ಅದು ಎಂದೂ ತನ್ನದಾಗಿರಲೇ ಇಲ್ಲ.

"ಆ ಮಿಷಿನ್ ವಾಪಸ್ ಕೂರ್ಸುಬುಡ್ತೀನಿ ಅಕ್ಕಯ್ಯ," ಎಂದು ವೆಂಕಟೇಶ ಗಡಬಡಿಸಿ ಗುಜರಿಗೆ ಫೋನು ಮಾಡಿದ. ಅತ್ತಲಿಂದ ಬಂದ ಮಾತನ್ನು ಕೇಳುತ್ತ ಕೇಳುತ್ತ ಅವನ ದನಿ ಇಳಿಯಿತು. ಗೋಣಿಚೀಲ ಅಂಗಡಿಗೆ ಬಂದ ಗಳಿಗೆಯಲ್ಲೇ ಯಾರೋ ಕೊಯಮತ್ತೂರಿನವನು ಅದನ್ನು ಲಾರಿಗೆ ಹಾಕಿಕೊಂಡು ಹೋಗಿದ್ದ.

ಶಿವಲಿಂಗಯ್ಯನವರು ಮೊಬೈಲನ್ನು ಜೇಬಿಗೆ ಹಾಕಿಕೊಂಡು, ಏನೋ ನೆನಪಾದವರಂತೆ ಮನೆಯೊಳಗೆ ಹೋದರು.

ಸಾಬರು ಮೆಲ್ಲಗೆ ಹೆಂಡತಿಯ ಬಳಿ ಹೋದರು. "ನಂಗೆ ಗೊತ್ತಿರ್ಲಿಲ್ಲ ಕಣೇ. ನೀನ್ಯಾಕೆ ಕಲಿಯಕ್ಕೋದೆ? ನಾನಿಲ್ವಾ?"

ಬಿಸ್ಮಿಲ್ಲಾ ಬೀ ಸ್ಟೀರಿಂಗಿನ ಮೇಲೆ ಕೈಯಿಟ್ಟುಕೊಂಡೇ ಹೇಳಿದರು. ಅವರ ದನಿ ಏರಲಿಲ್ಲ. "ಇದ್ರಿ. ಊರೋರ್ನೆಲ್ಲಾ ಸುತ್ತಿಸುದ್ರಿ. ಶೀಳನೆರೇಲಿ ನಮ್ಮಕ್ಕ ಆಸಿಗೆ ಇಡ್ದವ್ಳೆ, ಒಂದ್ ದಿನ ಕರ್ಕೊಂಡೋಗಿ ಅಂತ ಎಷ್ಟ್ ಸಲ ಕೇಳ್ದೆ. ಡ್ರೈವರ್‌ಗೆ ರಜಾ ಎಲ್ಲಿರ್ತದೆ ಅಂದ್ರಿ. ಕೆಲ್ಸ ಬುಟ್ ಮ್ಯಾಲೆ ಕೇಳುದ್ರೆ, ಆಯಾಗಿ ಕೂತಿವ್ನಿ, ಕೂರಕ್ಕೆ ಬುಡು ಅಂದ್ರಿ. ಅದಕ್ಕೇ ಕಲ್ತೆ."

ಸಾಬರು ಟವೆಲನ್ನು ಮಡಚಿದರು. ಬಿಚ್ಚಿದರು. ಮತ್ತೆ ಮಡಚಿದರು. "ಕ್ಲಚ್ ನಾನೇ ಕಲಿಸ್ತೀನಿ," ಎಂದರು.

"ಈ ವಯಸ್ಸಲ್ಲಿ ಎರಡು ಸಲ ಕಲಿಯಾಕಾಗಲ್ಲ."

ಬಿಸ್ಮಿಲ್ಲಾ ಬೀ ಕೆಳಗಿಳಿದರು. ಹಿಂದಿನ ಬಾಗಿಲು ತೆಗೆದು, ಸಿಹಿಯ ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ಹಿಂದಿನ ಸೀಟಿನ ನಡುಮಧ್ಯೆ ಕೂತರು. ಮಗಳನ್ನೂ ಪಕ್ಕಕ್ಕೆ ಕರೆದರು.

"ಶೀಳನೆರೆಗೆ ನಡೀರಿ."

"ಈಗ್ಲಾ? ಬೆಳಿಗ್ಗೆಯಿಂದ ಕಾರಿನ ಕೆಳ್ಗೆ ಮಲ್ಗಿ ಸೊಂಟ ಇಡ್ಕೊಂಬುಟ್ಟದೆ ಕಣೇ. ನಾಳೆ ಓಗಾನ."

"ನಾಳೆ ಶ್ರೀರಂಗಪಟ್ಟಣ, ದರ್ಗಾಕ್ಕೆ. ನಾಳಿದ್ದು ನಾಗಮಂಗಲ, ನಮ್ಮಣ್ಣನ ಮನೆ. ಆಮೇಲಿಂದು ಆಮೇಲೆ ಏಳ್ತೀನಿ."

"ಮಧ್ಯ ಒಂದಿನ ರಜಾ ಆದ್ರೂ ಕೊಡು."

ಬಿಸ್ಮಿಲ್ಲಾ ಬೀ ಕಿಟಕಿಯ ಗಾಜು ಇಳಿಸಿಕೊಂಡರು.

"ಡ್ರೈವರ್‌ಗೆ ರಜಾ ಎಲ್ಲಿರ್ತದೆ?" ಎಂದರು.

ಸಾಬರು ಕ್ಲಚ್ ತುಳಿದು ಗೇರು ಹಾಕಿದರು.