ಹಂದಿಗೆ ಎಷ್ಟು ದಾಳ?

ಹೋದ ತಿಂಗಳು ಫೋಲ್ಕೆ ಬ್ರಾಂಡೇಲಿಯಸ್‌ನ ಡ್ರ್ಯಾಗನ್ ಒಂದೇ ಉಸಿರಿಗೆ ಎಲ್ಲರನ್ನೂ ಸುಟ್ಟುಹಾಕಿದ್ದೇ ಈ ರಗಳೆಗೆಲ್ಲ ಮೂಲ. ಸತ್ತವರು ಕಾಗದದ ಮೇಲಿನ ವೀರರೇ ಆದರೂ ಅತ್ತವರು ನಿಜವಾದ ಜನ. ನಿವೃತ್ತ ನರ್ಸ್ ಸೂಲ್ವೇಗ್ ರಾಸ್ಕ್ ಹನ್ನೊಂದು ವರ್ಷ ಆಡಿಸಿದ ತನ್ನ ಮಂತ್ರವಾದಿನಿಗಾಗಿ ಒಂದು ವಾರ ಕಪ್ಪು ಸ್ವೆಟರ್ ತೊಟ್ಟಿದ್ದಳು.

ಭಾನುವಾರಗಳಂದು ಚರ್ಚಿನ ಪಕ್ಕದ ಸಭಾಮನೆಯಲ್ಲಿ, ಮೇಜಿನ ಸುತ್ತ ಕೂತು ಆಡುವ ಆಟ ಅದು. ಉಳಿದವರು ವೀರರು, ಫೋಲ್ಕೆ ಆಟದ ಯಜಮಾನ, ಅಂದರೆ ರಾಕ್ಷಸರೆಲ್ಲ ಅವನ ಪಾಲು. ರಾಕ್ಷಸ ಕಚ್ಚಿದಾಗ ಅವನು ದಾಳ ಉರುಳಿಸಬೇಕು. ಬಿದ್ದಷ್ಟು ಅಂಕ ವೀರನ ಪ್ರಾಣದಿಂದ ಕಳೆಯುತ್ತದೆ. ವಾರವಿಡೀ ಕನ್ನಡಕದ ಅಂಗಡಿಯಲ್ಲಿ ಊರಿನವರ ಕಣ್ಣಿಗೆ ದೀಪ ಬಿಡುವ ಫೋಲ್ಕೆಗೆ ಯಜಮಾನನ ಆ ಕುರ್ಚಿಯೊಂದೇ ಬದುಕಿನ ಸಿಂಹಾಸನ. ಈ ಸಲ ಯಾರಾದರೂ ಸತ್ತರೆ ಕುರ್ಚಿ ವೆಲ್ಡರ್ ಟಾಗೆ ಊಲೀನ್‌ಗೆ ಎಂದು ತೀರ್ಮಾನವಾಗಿತ್ತು.

ಅದಕ್ಕೇ ಅವನು ಹುಷಾರಾಗಿ ಊರಿನ ಹಳೇ ಕತೆಗಳದೇ ಪ್ರಾಣಿಯೊಂದನ್ನು ಆರಿಸಿದ್ದ: ಗ್ಲೂಸೋ. ಡಿಸೆಂಬರಿನಲ್ಲಿ ಸ್ಮಶಾನ ಸುತ್ತುವ, ಕೆಂಡಗಣ್ಣಿನ, ಬೆನ್ನ ಮೇಲೆ ಗರಗಸದಂಥ ಮುಳ್ಳಿರುವ ಹೆಣ್ಣುಹಂದಿ. ಕಚ್ಚಿದರೆ ಮೂರು ದಾಳ.

ಭಾನುವಾರ ಬೆಳಿಗ್ಗೆಯೇ, ಸುದ್ದಿ ತಿಳಿದು, ಸೂಲ್ವೇಗ್ ಫೋನು ಮಾಡಿದಳು. "ಮೂರು ದಾಳಾನಾ? ನಿಂಗೆ ಕರುಳು ಅನ್ನೋದು ಇದ್ಯೇನೋ? ನನ್ನ ಹೊಸ ವೀರ, ಆ ಕುಳ್ಳನಿಗೆ ಇರೋದೇ ಇಪ್ಪತ್ನಾಲ್ಕು ಪ್ರಾಣ."

ಮಧ್ಯಾಹ್ನ ಸ್ಮಶಾನದ ಗೋಡೆ ಬಳಿ ಟಾಗೆ ಸಿಕ್ಕಿದ. "ಕಡಿಮೆ ಗಿಡಿಮೆ ಮಾಡ್ಬೇಡ ಮಾರಾಯ. ಡ್ರ್ಯಾಗನ್‌ಗೂ ಮುಂಚೆ ಒಂದ್ಸಲ ನಿನ್ನ ದೈತ್ಯ ನಮ್ಮನ್ನ ಅಜ್ಜಿ ತರ ಸವರಿದ್ದ. ನೋವಾಗದೆ ಇದ್ರೆ ಅದೆಂಥ ಯುದ್ಧ?"

ಗೋರಿ ತೋಡುವ ಮುದುಕ ಏವಾಲ್ಡ್ ಹಿಮ ಗೋರುತ್ತ ಕೇಳಿಸಿಕೊಂಡ. "ಇಲ್ಲಿ ನಿಂತು ಅದ್ರ ಹೆಸರು ಎತ್ತಬೇಡಿ. ಎತ್ತಿದ್ರೆ ಮರ್ಯಾದೆ ಕೊಟ್ಟು ಎತ್ತಿ. ನಮ್ಮಜ್ಜ ಅದಕ್ಕೆ ಗಂಜಿ ಇಡ್ತಿದ್ದ."

"ಅಜ್ಜನ ಕಾಲ ಹೋಯ್ತು ಬಿಡು ಏವಾಲ್ಡ್," ಎಂದು ಫೋಲ್ಕೆ ನಕ್ಕ.

ಎರಡು ಗಂಟೆಗೆ ಆಟ ಶುರುವಾಯಿತು. ಉತ್ತರದ ಚಳಿಗಾಲ, ಮೂರೂವರೆಗೇ ಹೊರಗೆ ಕತ್ತಲೆ ಸುರಿದಿತ್ತು. ಹಂದಿ ಕುಳ್ಳನ ಮೇಲೆ ಹಾರಿತು. ಮೂರು ದಾಳ ಉರುಳಿ ಹದಿನೇಳು ಬಿತ್ತು. ಕುಳ್ಳನಿಗೆ ಉಳಿದದ್ದು ಏಳೇ ಪ್ರಾಣ. ಸೂಲ್ವೇಗ್ ಫೋಲ್ಕೆಯನ್ನು ನೋಡಿದ ನೋಟಕ್ಕೆ ಹಾಲು ಒಡೆಯುತ್ತಿತ್ತು.

ಫೋಲ್ಕೆ ತನ್ನ ಮುಂದಿದ್ದ ರಟ್ಟಿನ ಮರೆಯಲ್ಲಿ ಗುಟ್ಟಾಗಿ ಮೂರನ್ನು ಹೊಡೆದುಹಾಕಿ 'ಒಂದು ದಾಳ' ಎಂದು ಬರೆದ. ಉರುಳಿಸಿದ. ಎರಡು ಬಿತ್ತು.

ಹೊರಗೋಡೆಯ ಮೇಲೆ ಏನೋ ಕರಕರನೆ ಗೀರಿತು, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ.

"ಏವಾಲ್ಡ್ ಹಿಮ ಗೋರ್ತಿದಾನೆ," ಎಂದ ಟಾಗೆ.

ಅಷ್ಟರಲ್ಲಿ ಅಡುಗೆಕೋಣೆಯ ಬಾಗಿಲು ತೆರೆದು ಏವಾಲ್ಡ್ ಕಾಫಿಯ ಹೂಜಿ ಹಿಡಿದು ಒಳಬಂದ. ಕರಕರ ನಿಲ್ಲಲಿಲ್ಲ. ಮುದುಕ ಗೋಡೆಯನ್ನು ನೋಡಿದ, ಫೋಲ್ಕೆಯನ್ನು ನೋಡಿದ, ಬಗ್ಗಿ ಕಿವಿಯಲ್ಲಿ ಕೇಳಿದ: "ಎಷ್ಟು ದಾಳ ಕೊಟ್ಟೆ?"

"ಒಂದು."

"ಅಯ್ಯೋ ಪಾಪಿ!" ಹೂಜಿ ಅಲ್ಲೇ ಕುಕ್ಕಿ, ಕೋಟಿನ ಗುಂಡಿಯನ್ನೂ ಹಾಕದೆ, ಮುಂಬಾಗಿಲಿನಿಂದ ಅವನು ಮನೆಯ ದಾರಿ ಹಿಡಿದ. ಎಪ್ಪತ್ತೆಂಟರ ಮುದುಕ ಓಡಿದ್ದನ್ನು ಊರು ಅದೇ ಮೊದಲು ಕಂಡದ್ದು.

ಫೋಲ್ಕೆ ಕಿಟಕಿಯತ್ತ ತಿರುಗಿದ. ಗಾಜಿನ ಹೊರಮೈಯಲ್ಲಿ, ಮೊಣಕಾಲಿನ ಎತ್ತರಕ್ಕೆ, ಉಸಿರಿನ ಎರಡು ದುಂಡು ಮಂಜು ಮೂಡಿದ್ದವು. ಹಿಗ್ಗಿದವು, ಕುಗ್ಗಿದವು, ಮತ್ತೆ ಹಿಗ್ಗಿದವು. ಫೋಲ್ಕೆ 'ಎರಡು' ಎಂದು ತಿದ್ದಿದ. ಗೀರು ನಿಧಾನವಾಯಿತು. 'ಮೂರು' ಎಂದು ಬರೆದ ಕೂಡಲೇ ನಿಂತೇ ಹೋಯಿತು.

"ನಿನ್ನ ಸರದಿ ಕಣೋ," ಎಂದಳು ಸೂಲ್ವೇಗ್. "ಇನ್ನು ಐದೇ ಪ್ರಾಣ ಇರೋದು. ನೋಡ್ಕೊಂಡು ಕಚ್ಚು."

"ಈ ಸಲ... ಗುರಿ ತಪ್ಪಿತು," ಎಂದ ಫೋಲ್ಕೆ.

ದಢಾರ್! ಗೋಡೆಯ ಮೇಲಿದ್ದ ಹಳೇ ಪಾದ್ರಿಗಳ ಪಟಗಳು ಓರೆಯಾದವು. ದೀಪ ಒಮ್ಮೆ ಮಿಣುಕಿತು.

"ಚಾವಣಿಯಿಂದ ಹಿಮ ಜಾರ್ತು," ಎಂದ ಟಾಗೆ. ದನಿ ಮಾತ್ರ ಅರ್ಧಕ್ಕೆ ಇಳಿದಿತ್ತು.

ಫೋಲ್ಕೆಗೆ ಲೆಕ್ಕ ಅರ್ಥವಾಯಿತು. ಕಚ್ಚಿದರೆ ಒಳಗಿನ ಸಿಂಹಾಸನ ಹೋಗುತ್ತದೆ, ಕಚ್ಚದಿದ್ದರೆ ಹೊರಗಿನದು ಒಳಗೆ ಬರುತ್ತದೆ. ನಡುವೆ ಹದ ಎಂಬುದೇ ಇಲ್ಲ. ಅವನು ಕಣ್ಣು ಮುಚ್ಚಿ, ಎಲ್ಲರೂ ನೋಡುವಂತೆ ಮರೆಯ ಈಚೆಗೆ ಮೂರು ದಾಳ ಉರುಳಿಸಿದ.

ಹದಿನಾಲ್ಕು.

ಸೂಲ್ವೇಗ್ ಕುಳ್ಳನ ಕಾಗದವನ್ನು ನಾಲ್ಕಾಗಿ ಮಡಚಿ, ಸತ್ತ ರೋಗಿಯ ಕಣ್ಣು ಮುಚ್ಚುವಂತೆ ಅಂಗೈಯಿಂದ ಸವರಿದಳು. ಹೊರಗೆ ಹಿಮದ ಮೌನ. ತೃಪ್ತಿಯಾದ ಒಂದು ಗುಟುರು ಮಾತ್ರ ಸ್ಮಶಾನದ ಕಡೆಗೆ ದೂರವಾಯಿತು.

"ಏಳಪ್ಪಾ," ಎಂದ ಟಾಗೆ.

ಫೋಲ್ಕೆ ಎದ್ದ. ಅಳು ಬರಬೇಕಿತ್ತು, ಬಂದದ್ದು ನೆಮ್ಮದಿ. ಇನ್ನು ಹಂದಿ ಟಾಗೆಯ ತಲೆನೋವು. ಬರಿಯ ಆಟಗಾರನಾಗಿ ತಣ್ಣಗೆ ಕೂತು, ತಣ್ಣಗಾದ ಕಾಫಿಯನ್ನೂ ಬಗ್ಗಿಸಿಕೊಂಡ.

ಟಾಗೆ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿದ. ಹೊಸ ಅಧಿಕಾರ, ಹೊಸ ಔದಾರ್ಯ. "ಮೊದಲ ಅಪ್ಪಣೆ. ಕುಳ್ಳ ಸತ್ತಿಲ್ಲ. ಆ ಕಡಿತ ಲೆಕ್ಕಕ್ಕಿಲ್ಲ."

"ಟಾಗೆ, ಬೇಡ," ಎಂದ ಫೋಲ್ಕೆ.

"ಹೊಟ್ಟೆಕಿಚ್ಚು ನೋಡು ಇವನಿಗೆ! ಎರಡನೇ ಅಪ್ಪಣೆ. ಹಂದಿಗೆ ಮೂರೂ ಬೇಡ, ಒಂದೂ ಬೇಡ. ಅದನ್ನ ಮರಿ ಮಾಡ್ಬಿಡೋಣ. ಗುಲಾಬಿ ಬಣ್ಣದ ಹಂದಿಮರಿ. ಹಲ್ಲೇ ಇಲ್ಲ. ಕಚ್ಚಿದ್ರೆ ಕಚಗುಳಿ!"

ಸೂಲ್ವೇಗ್ ಚಪ್ಪಾಳೆ ತಟ್ಟಿ ನಕ್ಕಳು.

ಹೊರಗಿನಿಂದ ಸದ್ದೇ ಬರಲಿಲ್ಲ. ಗೋಡೆ ಗೀರಲಿಲ್ಲ. ಗಾಜಿನ ಮೇಲೆ ಮಂಜೂ ಇರಲಿಲ್ಲ. ಕೋಣೆಯ ಆಚೆ, ಕೋಟು ತೂಗುಹಾಕುವ ಕತ್ತಲೆ ಓಣಿಯಲ್ಲಿ, ಮುಂಬಾಗಿಲು ಮೆಲ್ಲಗೆ ಕಿರುಗುಟ್ಟುತ್ತ ತೆರೆದುಕೊಂಡಿತು. ಚಳಿಗಾಳಿ ನುಗ್ಗಿತು. ಕೋಟುಗಳು ಒಂದೊಂದಾಗಿ ನೆಲಕ್ಕೆ ಬೀಳತೊಡಗಿದವು, ಬಾಗಿಲಿನಿಂದ ಈಚೆಗೆ, ಈಚೆಗೆ.

"ಅಯ್ಯೋ, ಆ ಮುದುಕ ಬಾಗಿಲು ಸರಿಯಾಗಿ ಹಾಕಿಲ್ಲ," ಎಂದ ಟಾಗೆ, ದಾಳಗಳನ್ನು ಜೋಡಿಸುತ್ತ. "ಎದ್ದು ಹಾಕ್ಬಾರೋ ಫೋಲ್ಕೆ. ಯಜಮಾನ ಕುರ್ಚಿ ಬಿಟ್ಟು ಏಳೋ ಹಾಗಿಲ್ಲ."