ತೊಟ್ಟಿಯ ಗುಳುಗುಳು

ಮ್ಯಾನೇಜರ್ ಮುನಿಕೃಷ್ಣಪ್ಪನವರ ಮನೆಯ ಮೀನಿನ ತೊಟ್ಟಿ ಗಂಟಲು ಕಟ್ಟಿದ ಎಮ್ಮೆಯಂತೆ ಹಗಲೂ ರಾತ್ರಿ ಗುಳುಗುಳು ಎನ್ನುತ್ತಿತ್ತು. ಆವುಲಪ್ಪನ ಗ್ರಹಚಾರ ಕೆಟ್ಟದ್ದು ಅದರಿಂದಲೇ.

ಆವುಲಪ್ಪ ಅಂಚೆಟ್ಟಿ ಕಡೆಯವನು, ಹೊಸೂರಿನ ಕಾರ್ಖಾನೆಯೊಂದರಲ್ಲಿ ಟೆಂಪರರಿ ಫಿಟ್ಟರ್. ಜೊತೆಗೆ ಸೇರಿದವರೆಲ್ಲ ಪರ್ಮನೆಂಟಾಗಿ ಕಂಪನಿಯ ನೀಲಿ ಷರಟು ತೊಟ್ಟು ಓಡಾಡುತ್ತಿದ್ದರೆ ಇವನಿನ್ನೂ ಮದುವೆಯ ಷರಟನ್ನೇ ಸವೆಸುತ್ತಿದ್ದ. ಆ ಬೆಳಿಗ್ಗೆ ಮ್ಯಾನೇಜರು ಕರೆಸಿದರು.

“ಸಾಯಂಕಾಲ ಮದ್ರಾಸಿಂದ ಡೈರೆಕ್ಟ್ರು ನಮ್ಮನೆಗೆ ಕಾಫಿಗೆ ಬರ್ತಾರೆ. ಹೋದ್ಸಲ ಆ ಸದ್ದಲ್ಲಿ ನಾನು ಹೇಳಿದ್ದು ಅವರಿಗೆ ಕೇಳ್ಲಿಲ್ಲ. ಗುಳ್ಳೆ ಮಧ್ಯೆ ಮೀನೂ ಕಾಣ್ಲಿಲ್ಲ. ಸರಿ ಮಾಡು. ನಿನ್ನ ಹೆಸ್ರು ಅವರ ಕಿವಿಗೆ ಹಾಕ್ತೀನಿ.”

ತೊಟ್ಟಿಯಲ್ಲಿದ್ದದ್ದು ಸಮುದ್ರದ ಮೀನು. ನೀರೂ ಮದ್ರಾಸಿನಿಂದ ಡ್ರಮ್ಮುಗಳಲ್ಲಿ ಬಂದದ್ದು. ಮೇಲಿನ ಗಾಜಿನ ತೊಟ್ಟಿಯ ನೀರು ಕೊಳವೆಯಲ್ಲಿ ಕೆಳಗಿನ ಪೆಟ್ಟಿಗೆಗೆ ಬಿದ್ದು ಸೋಸಿಹೋಗಬೇಕು, ಪಂಪು ಅದನ್ನು ಮತ್ತೆ ಮೇಲಕ್ಕೆತ್ತಬೇಕು. ನೀರು ಬೀಳುವಾಗ ಗಾಳಿಯನ್ನೂ ಎಳೆದುಕೊಂಡೇ ಬೀಳುತ್ತಿತ್ತು. ಸದ್ದಿಗೂ ಗುಳ್ಳೆಗೂ ಅದೇ ಕಾರಣ.

ಬಾಗಿಲು ತೆರೆದ ಮ್ಯಾನೇಜರ ಹೆಂಡತಿ ಶ್ಯಾಮಲಮ್ಮ ಮುಖ ಸಿಂಡರಿಸಿದರು. “ಅದು ಇದ್ದಂಗೇ ಇರ್ಲಿ ಬಿಡಪ್ಪ. ನಮ್ಗೆ ಅಭ್ಯಾಸ ಆಗೋಗದೆ.”

“ಸಾಹೇಬ್ರು ಹೇಳವ್ರಮ್ಮ.”

“ಹಂಗಾದ್ರೆ ಬೇಗ ಮುಗ್ಸು. ಒಳಗಿನ ಕೋಣೇಲಿ ಮಾವ ಮಲಗವ್ರೆ. ಆ ಬಾಗ್ಲು ತೆಗೀಬೇಡ.”

ಆವುಲಪ್ಪ ತೊಟ್ಟಿಯ ಕೆಳಗೆ ತಲೆ ತೂರಿಸುತ್ತಿದ್ದಂತೆ ತೋಟದ ಕೆಲಸದ ಪಾಪಣ್ಣ ಕಿಟಕಿಯಿಂದ ಇಣುಕಿದ. “ಕೊಳವೆಗೆ ಗೋಣಿತಾಟು ತುರುಕ್ಲಾ! ಕಿರುಚೋನ ಬಾಯಿಗೆ ಬಟ್ಟೆ ತುರುಕಿದ್ರೆ ಸುಮ್ಕಾಗಲ್ವೇನ್ಲಾ?”

ಆವುಲಪ್ಪ ತುರುಕಿದ. ಕೆಳಗೆ ನೀರು ಬೀಳುವುದು ನಿಂತಿತು, ಪಂಪು ಒಣ ಗಂಟಲಲ್ಲಿ ಅರಚತೊಡಗಿತು, ಮೇಲಿನ ತೊಟ್ಟಿ ಉಕ್ಕಿ ಬಂಗಾಳದ ಕೊಲ್ಲಿ ಸೋಫಾದ ಮೇಲೆ ಹರಿಯಿತು. ಶ್ಯಾಮಲಮ್ಮನ ಕೂಗಿಗೆ ಪಕ್ಕದ ಮನೆಯ ವರಲಕ್ಷ್ಮಮ್ಮ ಓಡಿಬಂದರು.

“ಇದ್ಕೆಲ್ಲ ಯಾಕ್ ಗಾಬ್ರಿ? ಚೆಲ್ಲಿದಷ್ಟು ಬಾವಿ ನೀರು ಸುರ್ದು ಉಪ್ಪು ಬೆರ್ಸಿದ್ರಾಯ್ತು. ಸಮುದ್ರ ಅಂದ್ರೆ ಉಪ್ಪೇ ತಾನೆ?” ಎಂದು, ಬೇಡವೆಂದರೂ ಕೇಳದೆ, ಮಾವಿನಕಾಯಿ ಉಪ್ಪಿನಕಾಯಿಗೆ ಹಾಕುವ ಧಾರಾಳದಲ್ಲಿ ಕಲ್ಲುಪ್ಪು ಸುರಿದರು. ಹಳದಿ ಮೀನೊಂದು ಮಗ್ಗುಲಾಗಿ ಮೇಲೆ ತೇಲಿತು.

“ಪಾಪ, ಮೊದ್ಲಿಂದ್ಲೂ ಸೊರಗಿತ್ತು ಅನ್ಸ್ತದೆ,” ಎಂದು ವರಲಕ್ಷ್ಮಮ್ಮ ಉಪ್ಪಿನ ಭರಣಿಯೊಂದಿಗೆ ಮನೆಗೆ ಹೋದರು. ಪಾಪಣ್ಣ ಶವವನ್ನು ಗುಲಾಬಿ ಗಿಡದ ಬುಡದಲ್ಲಿ ಹೂತು, “ಗಿಡಕ್ಕೆ ಒಳ್ಳೇದು,” ಎಂದ.

ಡ್ರಮ್ಮಿನಲ್ಲಿ ಉಳಿದಿದ್ದ ಸಮುದ್ರದ ನೀರಿನಿಂದ ಉಳಿದ ಮೀನುಗಳನ್ನು ಹೇಗೋ ಬದುಕಿಸಿಕೊಂಡದ್ದಾಯಿತು. ಆವುಲಪ್ಪ ಪಂಪು ಅದುರದಂತೆ ಅದರಡಿ ಸೈಕಲ್ ಟ್ಯೂಬು ಮಡಿಸಿಟ್ಟ. ಕೊಳವೆಯ ಬಾಯಿ ಮುಳುಗುವವರೆಗೆ ಕೆಳಗಿನ ಪೆಟ್ಟಿಗೆಗೆ ನೀರು ತುಂಬಿದ. ಆದರೂ ಗುಳುಗುಳು. ಹೊಟ್ಟೆಗಿಲ್ಲದೆ ಬೆನ್ನು ಬಾಗಿ ಒದ್ದಾಡುತ್ತಿರುವಾಗಲೇ ಮ್ಯಾನೇಜರನ್ನೂ ಕೂರಿಸಿಕೊಂಡು ಡೈರೆಕ್ಟರ ಕಾರು ಬಂತು. ಹೊರಬರಲು ದಾರಿಯಿಲ್ಲದೆ ಅವನು ಅಲ್ಲೇ ಮುದುಡಿ ಕೂತ. ಡೈರೆಕ್ಟರು ಒದ್ದೆ ಸೋಫಾ ಬಿಟ್ಟು ಕುರ್ಚಿಯಲ್ಲಿ ಕೂತರು. ಆವುಲಪ್ಪ ಕೊನೆಯದಾಗಿ, ನೀರಿನ ಜೊತೆ ಗಾಳಿ ನುಗ್ಗದಂತೆ, ಕೊಳವೆಯ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದ.

ಸದ್ದು ನಿಂತಿತು. ಗುಳ್ಳೆಗಳು ಕರಗಿ ಮೀನುಗಳು ಗಾಳಿಯಲ್ಲಿ ತೇಲುವಂತೆ ಕಂಡವು.

“ಬೇಷ್!” ಎಂದರು ಡೈರೆಕ್ಟರು.

“ನಮ್ಮ ಹುಡುಗನೇ ಸಾರ್. ಆವುಲಪ್ಪ ಅಂತ,” ಎಂದರು ಮ್ಯಾನೇಜರು. ಕೆಳಗೆ ಕೂತಿದ್ದವನ ಎದೆ ತುಂಬಿ ಬಂತು.

ಆಗ ಒಳಗಿನಿಂದ ಸೀಳಿದ ದನಿಯೊಂದು ಕೇಳಿಸಿತು. “ಯಾರಾನಾ ಇದೀರೇನ್ರಪ್ಪಾ... ನೀರು... ಬೆಳಗಿಂದ ಕೂಗ್ತಾವ್ನಿ... ಒಂದ್ ಗುಟುಕು ನೀರು...”

ಡೈರೆಕ್ಟರಿಗೆ ಕನ್ನಡ ಬಾರದು. ಆ ಮಾತು ಅರ್ಥವಾಗಲು ಕನ್ನಡ ಬೇಕಿರಲಿಲ್ಲ. ಶ್ಯಾಮಲಮ್ಮ ಟ್ರೇ ಹಿಡಿದು ಕಂಬದಂತೆ ನಿಂತರು. ಯಾರೂ ಅಲುಗದ್ದನ್ನು ಕಂಡು ಆವುಲಪ್ಪ ತೆವಳಿ ಹೊರಬಂದು, ಟ್ರೇಯಲ್ಲಿದ್ದ ನೀರಿನ ಲೋಟ ತೆಗೆದುಕೊಂಡು ಒಳಗೆ ಹೋದ. ನೆನೆದ ಚಾಪೆಯ ಮೇಲೆ ಮ್ಯಾನೇಜರ ತಂದೆ ಮುತ್ತರಾಯಪ್ಪ ಬಿದ್ದಿದ್ದರು. ನೀರು ಕುಡಿದು ಅವನ ಕೈ ಬಿಡಲೇ ಇಲ್ಲ. “ನನ್ ಕೂಗು ಕೇಳುಸ್ತೇನಪ್ಪ? ನಂಗ್ ದನಿನೇ ಹೋಗ್ಬುಟ್ಟದೆ ಅಂದ್ಕಂಡಿದ್ದೆ.”

ಬಾಗಿಲಲ್ಲಿ ನಿಂತು ಎಲ್ಲ ನೋಡಿದ ಡೈರೆಕ್ಟರು, “ಹೆತ್ತ ತಂದೆಯಲ್ಲವೇನ್ರೀ!” ಎಂದು ತಮಿಳಿನಲ್ಲಿ ಗುಡುಗಿ, ಕಾಫಿ ಕುಡಿಯದೆ ಹೊರಟುಬಿಟ್ಟರು. ಮ್ಯಾನೇಜರು ಆವುಲಪ್ಪನ ಕಡೆ ತಿರುಗಿದರು. “ನಾಳೆಯಿಂದ ನೀನು ಬರ್ಬೇಡ.”

ಬಸ್ ಸ್ಟಾಂಡಿನ ದಾರಿಯಲ್ಲಿ ಅದೇ ಕಾರು ಅವನ ಪಕ್ಕ ಬಂದು ನಿಂತಿತು. ಡೈರೆಕ್ಟರು ಗಾಜು ಇಳಿಸಿದರು. “ಮದ್ರಾಸಿಗೆ ಬಾ. ಪರ್ಮನೆಂಟ್ ಕೆಲಸ ಕೊಡುತ್ತೇನೆ. ನಮ್ಮ ಮನೆಯಲ್ಲೂ ಅಂಥದೇ ತೊಟ್ಟಿಯಿದೆ.”

ಆವುಲಪ್ಪ ತನಗೆ ಬಂದಷ್ಟು ತಮಿಳಿನಲ್ಲಿ, ಎಂಥ ಸದ್ದಿದ್ದರೂ ನಿಲ್ಲಿಸಿಬಿಡುತ್ತೇನೆಂದು ಕೈಮುಗಿದ.

ಡೈರೆಕ್ಟರು ಡ್ರೈವರನ್ನು ಬೀಡಾ ತರಲು ಕಳಿಸಿ, ದನಿ ತಗ್ಗಿಸಿದರು.

“ನಮ್ಮದು ಸದ್ದೇ ಮಾಡುವುದಿಲ್ಲಪ್ಪ. ಪಕ್ಕದ ಕೋಣೆಯಲ್ಲಿ ನಮ್ಮ ತಾಯಿ ಇದ್ದಾರೆ. ಸ್ವಲ್ಪ ಜೋರಾಗಿ ಗುಳುಗುಳು ಅನ್ನುವ ಹಾಗೆ ಮಾಡಿಕೊಡುತ್ತೀಯಾ?”