ತಿಕೋಟಾ ರಸ್ತೆಗೆ ಹೋದ ಕಟ್ಟಿ

ವಿಜಯಪುರದ ಹುಣಸಿಮರದ ಓಣಿಯಲ್ಲಿ, ಮುರಿಗೆವ್ವ ಎಂಬ ನನ್ನ ಮನೆಯ ಮುಂದಿದ್ದ ಕಲ್ಲಿನ ಕಟ್ಟಿಯು ಸದ್ಯ ತಿಕೋಟಾ ರಸ್ತೆಯಲ್ಲಿ ವಾಸವಾಗಿದೆ. ಇದರಲ್ಲಿ ಅಚ್ಚರಿಪಡುವಂಥದ್ದು ಏನೂ ಇಲ್ಲ. ಎಲ್ಲಾ ಕಾನೂನು ಪ್ರಕಾರನ ನಡದೈತಿ.

ನಾನು ಸಾಲಿ ಕಲಿತದ್ದು ಎರಡನೇತ್ತಾ. ಬೋರ್ಡು ಓದಾಕ ಬರತೈತಿ, ತಿಳಿಯೂದಿಲ್ಲ. ಆದರ ಆ ಕಟ್ಟಿ ಮ್ಯಾಲ ಕುಂತು ಓಣಿ ಓದಿದ್ದು ಯಾವ ಡಿಗ್ರಿಗೂ ಕಡಿಮಿ ಇಲ್ಲ. ಯಾರ ಸೊಸಿ ಯಾಕ ತವರಿಗೆ ಹೋದಳು, ಯಾರ ಮನಿಗೆ ಯಾರು ಹಿಂದಿನ ಬಾಗಲದಿಂದ ಬಂದ್ರು, ಎಲ್ಲಾ ಅಲ್ಲಿಂದ ಕಾಣತಿತ್ತು. ಕಾಣದ್ದನ್ನ ನಾನ ಸೇರಸತಿದ್ದೆ. ಗೋಳಗುಮ್ಮಟದಾಗ ಒಂದು ಮಾತು ಆಡಿದ್ರ ಅದ ಮಾತು ತಿರುಗಿ ಬರತೈತಿ. ನನ್ನ ಕಟ್ಟಿ ಮ್ಯಾಲ ಆಡಿದ ಮಾತು ತಿರುಗಿ ಬರೂ ಹೊತ್ತಿಗೆ ಅದಕ್ಕ ಮಕ್ಕಳು ಮರಿ ಆಗಿರತಿದ್ದವು.

ಹೀಗಿರಲಾಗಿ ಒಂದು ಮುಂಜಾನಿ ಆಟೋದಾಗ ಮೈಕು ಕೂಗಿತು:

“ಸಮಸ್ತ ನಾಗರಿಕರಿಗೆ ತಿಳಿಯಪಡಿಸುವುದೇನೆಂದರೆ, ವೈವಿಧ್ಯಮಯ ಹಾಗೂ ಮನಮೋಹಕ ವಸತಿ ಪ್ರದೇಶಗಳ ಆಯ್ಕೆ ಸಮಿತಿಯು ತಮ್ಮ ಓಣಿಗೆ ಭೇಟಿ ನೀಡಲಿದೆ. ಅಷ್ಟರೊಳಗಾಗಿ ನಿವಾಸಿಗಳು ವೈವಿಧ್ಯಮಯರೂ ಮನಮೋಹಕರೂ ಆಗಿರತಕ್ಕದ್ದು.”

ಎದುರುಮನಿ ಮುಮತಾಜ ಕದದಾಗ ನಿಂತು ಕೇಳಿದಳು, “ಮುರಿಗೆವ್ವಾ, ಮನಮೋಹಕ ಅಂದ್ರ ಏನ ಬೇ?”

“ನಿನ್ನ ಮಾರಿ ಅಲ್ಲದ್ದು,” ಅಂದೆ.

“ಹಂಗಾದ್ರ ಸಮಿತಿ ಬಂದಾಗ ನಮ್ಮಿಬ್ಬರನ್ನೂ ಒಳಗ ಹಾಕಿ ಕೀಲಿ ಹಾಕ್ತಾರ ಬಿಡು.”

ಓಣಿ ಮಂದಿ ಕೂಡಿ ವಿಚಾರ ಮಾಡಿದ್ವಿ. ಬಣ್ಣ ಬಳಿಯೂ ಭಾಗಪ್ಪನ ಕಡೆ ಯಾವುದೋ ಕಲ್ಯಾಣ ಮಂಟಪಕ್ಕ ಬಳದು ಉಳಿದ ಗುಲಾಬಿ ಬಣ್ಣ ಇತ್ತು. ಎಲ್ಲಾ ಮನಿಗೂ ಅದನ್ನ ಬಳದ್ವಿ. ಆಡು ಹಿತ್ತಲಕ್ಕ ಕಟ್ಟಿದ್ವಿ. ಬಿಸಲಿಗೆ ಹಾಕಿದ್ದ ಸಂಡಗಿ, ಹೊರಸು, ಮುದುಕರು, ಎಲ್ಲಾ ಒಳಗ. ಈ ಶಾಣ್ಯಾತನದ ಸೂಚನೆ ಕೊಟ್ಟಾಕಿ ನಾನ.

ಸಮಿತಿ ಬಂತು. ಅಧ್ಯಕ್ಷ ಅರುಣಕುಮಾರ, ಇವರು ತಿಕೋಟಾ ರಸ್ತೆಯಲ್ಲಿ ಸೈಟು ಮಾರುವ ಗೌರವಾನ್ವಿತರು. ಕಾರ್ಯದರ್ಶಿ ಶಾಂಭವಿ; ನಿಯಮ ಓದುವಾಕಿ. ಆಕಿ ಓಣಿ ತುಂಬ ಅಡ್ಡಾಡಿ, “ಸರ್, ವೈವಿಧ್ಯ ಎಲ್ಲೂ ಕಾಣವಲ್ದು. ಎಲ್ಲಾ ಗುಲಾಬಿ,” ಅಂದಳು.

ಭಾಗಪ್ಪ ಕೈಮುಗಿದ. “ಒಳಗ ಭಾಳ ಐತ್ರಿ ಮೇಡಮ್ಮಾರ. ನಮ್ಮ ಮನ್ಯಾಗ ಬುದ್ಧ, ಮುರಿಗೆವ್ವನ ಮನ್ಯಾಗ ಬಸವಣ್ಣ, ಎದುರಿಗೆ ನಮಾಜು. ಬರ್ರಿ, ತೋರಸ್ತೇನಿ.”

“ಒಳಗಿನ ವೈವಿಧ್ಯಕ್ಕೆ ಅಂಕವಿಲ್ಲ. ಫೋಟೋದಲ್ಲಿ ಬರತಕ್ಕದ್ದು,” ಅಂತ ಶಾಂಭವಿ ನಿಯಮ ಓದಿದಳು.

ಸಮಿತಿ ಜೀಪಿನ ಕಡೆ ಹೊಂಟಿತು. ಅಷ್ಟರಾಗ ಮುಮತಾಜಳ ಕೋಳಿ ಜಿಗಿದು ಬಂದು ನನ್ನ ಕಟ್ಟಿ ಮ್ಯಾಲ ಕುಂತಿತು. ನನಗ ಸಮಿತಿನೂ ಮರತಹೋತು, ಸೆರಗೂ ಮರತಹೋತು.

“ಏ ಮುಮತಾಜ! ಮಂದಿ ಮನಿ ಮುಂದ ಕೂಡೂ ಚಟ ನಿನ್ನ ಕೋಳಿಗೂ ಹತ್ತೇತೇನ?”

“ಅದು ಮಾತು ಕಲಿಯಾಕ ಬಂದೈತಿ ಬೇ! ನಿನ್ನ ಕಡಿಂದ ಚಾಡಿ ಕಲಿತ್ರ ತತ್ತಿ ಇಡೂದ ಮರೀತೈತಿ!”

ಕಿಡಕಿ ತೆರೆದವು. ಮುದುಕರು ಹೊರಗ ಬಂದ್ರು. ಆಡು ಹಗ್ಗ ಹರಕೊಂಡು ಬಂದವು. ಅರುಣಕುಮಾರ ಅಲ್ಲೇ ನಿಂತ. “ಶಾಂಭವಿ, ವಿಡಿಯೋ ಮಾಡ್ರಿ! ಅಜ್ಜೀ, ನೀವು, ನಿಮ್ಮ ಕಟ್ಟಿ, ಈ ಊರಿನ ಆಸ್ತಿ!”

ನನಗ ಊರು ಏನೇನೋ ಅಂದೈತಿ, ಆಸ್ತಿ ಅಂದಿರಲಿಲ್ಲ. ಹಿಗ್ಗಿ, ಕೇಳದಿದ್ರೂ ಇಡೀ ಓಣಿಯ ಹಗರಣ ಅವನ ಮುಂದ ಸುರುವಿದೆ.

ಮೊದಲ ಬಹುಮಾನ ನಮಗ ಬಂತು. ಶಾಲು, ಹಾರ, ಮತ್ತೊಂದು ಠರಾವು: “ಓಣಿಯ ಮನಮೋಹಕತೆಗೆ ಸದರಿ ಕಟ್ಟಿಯೇ ಕಾರಣವಾಗಿರುವುದರಿಂದ ಅದನ್ನು ಸಂರಕ್ಷಿಸತಕ್ಕದ್ದು.” ಎಲ್ಲಾರೂ ಚಪ್ಪಾಳಿ ಹೊಡದ್ರು. ಎಲ್ಲಾರಿಗಿಂತ ಜೋರು ನಂದು.

ಮರುದಿನ ಜೆಸಿಬಿ ಬಂತು.

“ಯಪ್ಪಾ ಅರುಣಕುಮಾರ, ಸಂರಕ್ಷಣೆ ಅಂದ್ರ ಇಲ್ಲೇ ಇಡೂದಲ್ಲೇನು?”

“ಇಲ್ಲಿದ್ರ ಮಂದಿ ಕೂಡತಾರ್ರಿ ಅಜ್ಜಿ. ಸವೀತೈತಿ. ನಮ್ಮ ಲೇಔಟಿನಾಗ ಜ್ವಾಕಿ ಇರತೈತಿ.”

“ಮತ್ತ ನಾ ಎಲ್ಲಿ ಕೂಡ್ಲಿ?”

ಶಾಂಭವಿ ಓದಿದಳು: “ಕಟ್ಟಿಯ ಮೇಲೆ ಕೂಡುವ ಹಕ್ಕು ಮೊದಲಿನಂತೆಯೇ ತಮ್ಮದು. ಕಟ್ಟಿ ಎಲ್ಲಿರುವುದೋ ಅಲ್ಲಿ ಚಲಾಯಿಸಬಹುದು.”

ಹಕ್ಕು ನನ್ನದ ಅಂದಮ್ಯಾಲ ಜಗಳ ಯಾತರದ್ದು?

ಸ್ವಲ್ಪ ದಿನ ಹೊಸ್ತಲದ ಮ್ಯಾಲ ಕುಂತು ನೋಡಿದೆ. ಅಲ್ಲಿಂದ ಮುಮತಾಜಳ ಪಡದಾ ಒಂದ ಕಾಣತಿತ್ತು. ಓಣ್ಯಾಗ ಭಾಗಪ್ಪನ ಮಗಳ ಲಗ್ನ ಗೊತ್ತಾತು, ನನಗ ಕಾರ್ಡು ಬಂದಮ್ಯಾಲ ತಿಳೀತು. ಇಂಥಾ ಅವಮಾನ ವೈರಿಗೂ ಬರಬಾರದು. ಒಂದು ಮುಂಜಾನಿ ರೊಟ್ಟಿ ಕಟಗೊಂಡು ತಿಕೋಟಾ ಬಸ್ ಹತ್ತಿದೆ. ಹೆಣ್ಮಕ್ಕಳಿಗೆ ಪುಕ್ಕಟ ಐತಲ್ಲ. ಹಿಂದ ಮುಮತಾಜ, ಆಕಿ ಕಂಕಳದಾಗ ಕೋಳಿ. “ನಿನ್ನ ಬೈಗುಳ ಇಲ್ಲದ ಚಾ ಇಳೀವಲ್ದು,” ಅಂದಳು.

ದ್ರಾಕ್ಷಿ ತ್ವಾಟದ ನಡುವ ದೊಡ್ಡ ಕಮಾನು. ‘ಮನಮೋಹಕ ನಗರ’ ಅಂತ ಬೋರ್ಡು. ಒಳಗ ಒಂದೂ ಮನಿ ಇಲ್ಲ. ನಟ್ಟನಡುವ ನನ್ನ ಕಟ್ಟಿ. ಕುಂತ್ವಿ.

ಸೈಟು ನೋಡಾಕ ಬಂದ ಒಬ್ಬಾಕಿ ಕೇಳಿದಳು, “ಅಜ್ಜಿ, ಇಲ್ಲಿ ನೆರಿಹೊರಿ ಹೆಂಗೈತ್ರಿ?”

“ಭಾಳ ಛಲೋ ಐತವ್ವಾ. ಯಾರೂ ಇಲ್ಲ.”

ಆಕಿ ಆವತ್ತ ಸೈಟು ಹಿಡದಳು.

ಆದರ ಮಂದಿ ಇಲ್ಲದಲ್ಲಿ ಮಾತೆಲ್ಲಿಂದ ತರೂದು? ನಾನೂ ಮುಮತಾಜನೂ ಖಾಲಿ ಸೈಟಿಗೆ ಒಂದೊಂದು ಸಂಸಾರ ಕೂಡಿಸಿದ್ವಿ. ಮೂಲಿ ಸೈಟಿನ ಅತ್ತಿ ಸೊಸಿಗೆ ತುಪ್ಪ ಹಾಕೂದಿಲ್ಲ. ಬಾವಿ ಬಾಜೂದಾಂವ ಎರಡು ಸಂಸಾರ ಮಾಡ್ಯಾನ. ಈ ಮಾತು ಹೆಂಗೋ ಹಬ್ಬಿತು. ಬಂದವರು ಮೂಲಿ ಸೈಟು ನೋಡಿ, “ಬ್ಯಾಡ್ರಿ, ಅಲ್ಲಿ ಅತ್ತಿ ಸರಿ ಇಲ್ಲಂತ,” ಅನ್ನಾಕತ್ತಾರ. ಅರುಣಕುಮಾರ ಸಿಟ್ಟಾಗಲಿಲ್ಲ. ಹಗರಣ ಇಲ್ಲದ ಸೈಟಿಗೆ ಬ್ಯಾರೆ ರೇಟು ಮಾಡ್ಯಾನ.

ಈಗ ಓಣ್ಯಾಗ ಮಾತು ಸಿಗವಲ್ದು ಅಂತ ಒಬ್ಬೊಬ್ಬರ ಕಟ್ಟಿ ಕಡೆ ಬರಾಕತ್ತಾರ. ಭಾಗಪ್ಪ ಟಂಟಂ ಆಟೋದಾಗ ಆಡು ಹೇರಕೊಂಡು ಬರತಾನ. ಸಂಡಗಿನೂ ಅಲ್ಲೇ ಒಣಗತಾವು. ಹಳೇ ಜಾಗಾದಾಗ ಸಮಿತಿಯವರು ಕಟ್ಟಿಯ ಫೋಟೋ ನಿಲ್ಲಿಸ್ಯಾರ. ‘ಇದರ ಮೇಲೆ ಕೂಡಬಾರದು’ ಅಂತ ಬರದೈತಂತ. ಯಾರೂ ಕುಂತಿಲ್ಲ.

ನಿನ್ನೆ ಹೊಸಾ ಕಂಡಕ್ಟರ ಕೇಳಿದ, “ಎಲ್ಲಿಗ್ರಿ ಅಜ್ಜಿ?”

“ನಮ್ಮ ಮನಿ ಮುಂದಕ್ಕಪ್ಪಾ.”

ಅಂವ ನಗಲಿಲ್ಲ. ಟಿಕೇಟು ಹರದು ಕೊಟ್ಟ. ಕಮಾನು ಬಂದ ಕೂಡ್ಲೆ ಸೀಟಿ ಊದಿ, “ಮನಿ ಮುಂದ ಇಳಿಯವರು ಬಾಗಲಕ್ಕ ಬರ್ರಿ!” ಅಂತ ಕೂಗಿದ.

ಅರ್ಧ ಬಸ್ಸು ಎದ್ದು ನಿಂತಿತು. ಎಲ್ಲಾರಿಗಿಂತ ಮೊದಲ ಕೋಳಿ ಇಳಿದು, ಓಡಿ ಹೋಗಿ, ನನ್ನ ಜಾಗಾದಾಗ ಕುಂತಿತು.